ಪ್ರಜ್ಞೆ: ಒಂದು ಪದದ ಮೇಲೆ ಎಷ್ಟು ಹೊರೆ?

ದಿನಪತ್ರಿಕೆಗಳಲ್ಲಿ ನೀವು ಆಗಾಗ ಓದುವಂಥ ನಾಲ್ಕು ವಾಕ್ಯಗಳನ್ನು ಗಮನಿಸಿ. ಚಾಲಕನ ಸಮಯಪ್ರಜ್ಞೆಯಿಂದ ಭಾರಿ ಅನಾಹುತ ತಪ್ಪಿತು. ಬಿಸಿಲಿನ ತಾಪಕ್ಕೆ ವಿದ್ಯಾರ್ಥಿನಿ ಪ್ರಜ್ಞೆ ತಪ್ಪಿ ಬಿದ್ದಳು. ರಸ್ತೆ ಬದಿ ಕಸ ಸುರಿಯುವವರಿಗೆ ನಾಗರಿಕ ಪ್ರಜ್ಞೆ ಇಲ್ಲ. ಪ್ರಜ್ಞಾವಂತ ಮತದಾರರು ತಕ್ಕ ಪಾಠ ಕಲಿಸಿದ್ದಾರೆ. ನಾಲ್ಕರಲ್ಲೂ ಪ್ರಜ್ಞೆ ಇದೆ. ಈಗ ಪ್ರಾಥಮಿಕ ಶಾಲೆಯಲ್ಲಿ ಮಾಡುತ್ತಿದ್ದಂತೆ ಇದಕ್ಕೊಂದು ವಿರುದ್ಧ ಪದ ಬರೆಯಲು ಪ್ರಯತ್ನಿಸಿ. ವಿದ್ಯಾರ್ಥಿನಿಯ ಮಟ್ಟಿಗೆ ವಿರುದ್ಧ ಪದ ಮೂರ್ಛೆ. ಚಾಲಕನ ಮಟ್ಟಿಗೆ ಗಾಬರಿ, ಇಲ್ಲವೇ ತಬ್ಬಿಬ್ಬು. ಕಸ ಸುರಿಯುವವರ ಮಟ್ಟಿಗೆ ಬೇಜವಾಬ್ದಾರಿ. ಮತದಾರರ ಮಟ್ಟಿಗೆ ಅವಿವೇಕ ಎನ್ನಬಹುದೇನೋ. ಮತಗಟ್ಟೆಯ ಸರದಿಯಲ್ಲಿ ಮೂರ್ಛೆ ಹೋಗದೆ ನಿಂತವರೆಲ್ಲ ಪ್ರಜ್ಞಾವಂತರು ಎಂದು ಯಾರೂ ಹೇಳುವುದಿಲ್ಲ.

ಇನ್ನು ಐದನೆಯ ವಾಕ್ಯ. ಇದು ಭಾಷಣಗಳಲ್ಲಿ, ವ್ಯಕ್ತಿತ್ವ ವಿಕಸನದ ಪುಸ್ತಕಗಳಲ್ಲಿ, ಈಚೆಗೆ ಮೊಬೈಲಿನ ವಿಡಿಯೋಗಳಲ್ಲಿ ಧಾರಾಳವಾಗಿ ಸಿಗುತ್ತದೆ: ಪ್ರಜ್ಞೆಯೇ ವಸ್ತುವನ್ನು ಸೃಷ್ಟಿಸುತ್ತದೆ ಎಂದು ಕ್ವಾಂಟಂ ಭೌತವಿಜ್ಞಾನ ಸಾಬೀತು ಮಾಡಿದೆ. ಬಿ.ಎಸ್ಸಿ. ತರಗತಿಗೆ ಬರುವ ಹೊತ್ತಿಗೆ ಅನೇಕ ವಿದ್ಯಾರ್ಥಿಗಳು ಇದನ್ನು ನ್ಯೂಟನ್ನನ ಮೂರನೆಯ ನಿಯಮದಷ್ಟೇ ಖಚಿತವೆಂದು ನಂಬಿರುತ್ತಾರೆ. ಈ ವಾಕ್ಯದಲ್ಲಿರುವುದು ಮೇಲಿನ ನಾಲ್ಕರಲ್ಲಿ ಯಾವ ಪ್ರಜ್ಞೆ? ಅದರ ವಿರುದ್ಧ ಪದ ಯಾವುದು? ಇವೆರಡು ಪ್ರಶ್ನೆಗಳನ್ನು ಕೇಳದೆ ಈ ವಾಕ್ಯವನ್ನು ಒಪ್ಪುವುದೂ ಕಷ್ಟ, ಅಲ್ಲಗಳೆಯುವುದೂ ಕಷ್ಟ.

ಒಂದು ಪದಕ್ಕೆ ಹಲವು ಅರ್ಥಗಳಿರುವುದು ಭಾಷೆಯ ದೋಷವಲ್ಲ. ಶಕ್ತಿ ಎಂಬ ಪದವನ್ನೇ ನೋಡಿ. ದೇವಿಯೂ ಶಕ್ತಿ, ಪೈಲ್ವಾನನ ತೋಳಿನಲ್ಲಿರುವುದೂ ಶಕ್ತಿ, ಮಹಿಳೆಯರ ಉಚಿತ ಬಸ್ ಪ್ರಯಾಣಕ್ಕೆಂದು 2023ರಲ್ಲಿ ಆರಂಭವಾದ ಯೋಜನೆಯೂ ಶಕ್ತಿ. ಆದರೂ ಭೌತವಿಜ್ಞಾನದ ತರಗತಿಯಲ್ಲಿ ಇದರಿಂದ ತೊಂದರೆಯಾಗಿಲ್ಲ. ಅಲ್ಲಿ ಶಕ್ತಿಗೆ ಒಂದು ವ್ಯಾಖ್ಯೆ ಇದೆ, ಜೂಲ್ ಎಂಬ ಏಕಮಾನವಿದೆ, ಸಂರಕ್ಷಣೆಯ ನಿಯಮವಿದೆ. ಇಚ್ಛಾಶಕ್ತಿಯನ್ನು ಜೂಲ್‌ಗಳಲ್ಲಿ ಲೆಕ್ಕ ಹಾಕಿದ ವಿದ್ಯಾರ್ಥಿಗೆ ಸೊನ್ನೆ ಬೀಳುತ್ತದೆ, ಅವನಿಗೂ ಅದು ನ್ಯಾಯವೆನಿಸುತ್ತದೆ. ಪ್ರಜ್ಞೆಗೆ ಇಂಥ ಬೇಲಿ ಇಲ್ಲ. ಹೀಗಾಗಿ ಒಂದು ಅರ್ಥದಲ್ಲಿ ಹೊರಟ ವಾದ ಇನ್ನೊಂದು ಅರ್ಥದಲ್ಲಿ ಹೋಗಿ ಮುಟ್ಟುತ್ತದೆ. ದಾರಿಯಲ್ಲಿ ಬಂಡಿ ಬದಲಾದದ್ದು ಪ್ರಯಾಣಿಕನ ಗಮನಕ್ಕೆ ಬರುವುದೇ ಇಲ್ಲ.

ಪದ ಬಂದ ದಾರಿ

ಸಂಸ್ಕೃತದಲ್ಲಿ ಪ್ರಜ್ಞಾ ಎಂದರೆ ಮುಖ್ಯವಾಗಿ ವಿವೇಕ, ನೆಲೆಗೊಂಡ ತಿಳಿವಳಿಕೆ. ಭಗವದ್ಗೀತೆಯ ಎರಡನೆಯ ಅಧ್ಯಾಯದ ಸ್ಥಿತಪ್ರಜ್ಞ ಎಂದರೆ ಮೂರ್ಛೆ ತಪ್ಪದವನಲ್ಲ, ವಿವೇಕ ಅಲುಗದವನು. ಬೌದ್ಧರ ಪ್ರಜ್ಞಾಪಾರಮಿತೆಯಲ್ಲಿಯೂ ಇದೇ ಅರ್ಥ. ಹಾಗಾದರೆ ಅರಿವಿನ ವ್ಯಾಪಾರಕ್ಕೆ ಬೌದ್ಧರು ಏನೆನ್ನುತ್ತಿದ್ದರು? ಅವರ ಐದು ಸ್ಕಂಧಗಳ ಪಟ್ಟಿಯಲ್ಲಿ ಕೊನೆಯದು ಅದು. ಅದರ ಹೆಸರು ವಿಜ್ಞಾನ! ಈ ಮಾಸಿಕದಲ್ಲಿ ನಾವು ದಿನಬೆಳಗಾದರೆ ಬಳಸುವ ವಿಜ್ಞಾನ ಎಂಬ ಪದ ಒಮ್ಮೆ ಕನ್ನಡದ ಇಂದಿನ ಪ್ರಜ್ಞೆಯ ಕೆಲಸವನ್ನು ಮಾಡುತ್ತಿತ್ತು. ಮಾಂಡೂಕ್ಯ ಉಪನಿಷತ್ತಿನದು ಇನ್ನೂ ಸ್ವಾರಸ್ಯದ ಸಂಗತಿ. ಅಲ್ಲಿ ಎಚ್ಚರ, ಕನಸು, ಗಾಢನಿದ್ರೆ ಎಂಬ ಮೂರು ಅವಸ್ಥೆಗಳ ಆತ್ಮಕ್ಕೆ ಮೂರು ಹೆಸರುಗಳಿವೆ. ಗಾಢನಿದ್ರೆಯದಕ್ಕೆ ಪ್ರಾಜ್ಞ ಎಂದು ಹೆಸರು. ನಾವು ಪ್ರಜ್ಞೆ ಇಲ್ಲ ಎನ್ನುವ ಸ್ಥಿತಿಯೇ ಅಲ್ಲಿ ಪ್ರಾಜ್ಞನ ಸ್ಥಿತಿ. ಆದ್ದರಿಂದ ನಮ್ಮ ಉಪನಿಷತ್ತುಗಳಲ್ಲಿ ಪ್ರಜ್ಞೆಯ ವಿಚಾರ ಆಗಲೇ ಇದೆ, ನರವಿಜ್ಞಾನ ಈಗ ಕಣ್ಣು ಬಿಡುತ್ತಿದೆ ಎಂದು ಯಾರಾದರೂ ಹೇಳಿದಾಗ ಎರಡೂ ಕಡೆ ಒಂದೇ ಪದಾರ್ಥದ ಮಾತು ನಡೆದಿದೆಯೇ ಎಂದು ವಿಚಾರಿಸಿ ನೋಡಿ.

ಪ್ರಜ್ಞೆ ತಪ್ಪುವುದು ಎಂಬ ಬಳಕೆ ಕನ್ನಡಕ್ಕೆ ವಿಶೇಷವಾದದ್ದು. ಹಿಂದಿಯವರು ಇಲ್ಲಿ ಚೇತನಾ, ಹೋಶ್ ಎನ್ನುತ್ತಾರೆ. ಅವರ ಪ್ರಜ್ಞಾ ಇನ್ನೂ ವಿವೇಕವೇ. ನಮ್ಮ ಆಡುಮಾತಿಗೂ ಪ್ರಜ್ಞೆಯ ಹಂಗಿರಲಿಲ್ಲ. ಎಚ್ಚರ ತಪ್ಪಿತು, ಗ್ಯಾನ ತಪ್ಪಿತು ಎನ್ನುತ್ತಿದ್ದರು. ಧಾರವಾಡದ ಕಡೆ ಮೈಮೇಲೆ ಖಬರಿಲ್ಲ ಎಂದರೆ ಸಾಕು. ಬರವಣಿಗೆಯ ಕನ್ನಡ ಇವನ್ನು ಬದಿಗೊತ್ತಿ ಎಲ್ಲಕ್ಕೂ ಪ್ರಜ್ಞೆಯನ್ನು ಮುಂದೆ ತಂದಿತು. ನವ್ಯ ವಿಮರ್ಶೆಯ ಪಾತ್ರವೂ ಇದರಲ್ಲಿ ಸಣ್ಣದಲ್ಲ. ಅನಂತಮೂರ್ತಿಯವರ ಒಂದು ವಿಮರ್ಶಾ ಸಂಕಲನದ ಹೆಸರೇ 'ಪ್ರಜ್ಞೆ ಮತ್ತು ಪರಿಸರ'. ಐತಿಹಾಸಿಕ ಪ್ರಜ್ಞೆ, ಸೌಂದರ್ಯ ಪ್ರಜ್ಞೆ, ಪ್ರಜ್ಞಾಪ್ರವಾಹ ಎಂಬಂಥ ಮಾತುಗಳು ಸಾಹಿತ್ಯದಲ್ಲಿ ಓಡಾಡಿ, ಅಲ್ಲಿಂದ ಸಂಪಾದಕೀಯಗಳಿಗೆ ಬಂದವು. ಸಾಹಿತ್ಯಕ್ಕೆ ಇದರಿಂದ ಲಾಭವೇ ಆಗಿರಬಹುದು. ವಿಜ್ಞಾನ ಬರೆಯುವವರು ಮಾತ್ರ ಆ ಪದವನ್ನು ತೊಳೆಯದೆ ಹಾಗೆಯೇ ಎತ್ತಿಕೊಂಡರು.

(ಚೇತನ ಎಂಬ ಪದದ ಗತಿಯೂ ಚೆನ್ನಾಗಿಲ್ಲ. ಅಂಗವೈಕಲ್ಯ ಇರುವವರನ್ನು ಗೌರವದಿಂದ ಕರೆಯಬೇಕೆಂಬ ಒಳ್ಳೆಯ ಉದ್ದೇಶದಿಂದ ವಿಕಲಚೇತನರು ಎಂಬ ಪದ ಸರ್ಕಾರಿ ಬಳಕೆಗೆ ಬಂತು. ಬಿಡಿಸಿ ನೋಡಿ: ಪೋಲಿಯೋದಿಂದ ಕಾಲು ಸೊರಗಿದವರ ಚೇತನಕ್ಕೆ ಏನಾಗಿದೆ?)

ಆಸ್ಪತ್ರೆಯ ಬಾಗಿಲಲ್ಲಿ

ಪದ ಜಾರಿದರೆ ನಷ್ಟವೇನು ಎಂದು ಕೇಳುವವರು ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತ ಬಂಧುಗಳನ್ನು ನೆನೆಯಬೇಕು. ಅಪಘಾತದಲ್ಲಿ ತಲೆಗೆ ಪೆಟ್ಟಾದ ವ್ಯಕ್ತಿ ಕೆಲವು ವಾರಗಳ ಬಳಿಕ ಕಣ್ಣು ತೆರೆಯುತ್ತಾನೆ. ಮನೆಯವರು ಪ್ರಜ್ಞೆ ಬಂತು ಎನ್ನುತ್ತಾರೆ. ವೈದ್ಯರು ಇಲ್ಲ, ಪ್ರಜ್ಞೆ ಬಂದಿಲ್ಲ ಎನ್ನುತ್ತಾರೆ. ಕಣ್ಣು ತೆರೆದು ಸೂರು ನೋಡುತ್ತಿರುವವನಿಗೆ ಪ್ರಜ್ಞೆ ಇಲ್ಲವೆಂದರೆ ಯಾರು ನಂಬುತ್ತಾರೆ? ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮನೆಯವರ ಪ್ರಜ್ಞೆ ಎಂದರೆ ಎಚ್ಚರ. ವೈದ್ಯರ ಪ್ರಜ್ಞೆ ಎಂದರೆ ಅರಿವು.

ವೈದ್ಯರು ಈ ಭೇದವನ್ನು ಬಹಳ ಹಿಂದೆಯೇ ಮಾಡಿಕೊಂಡರು. ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ 1974ರಲ್ಲಿ ಪ್ರಕಟಿಸಿದ ಗ್ಲಾಸ್ಗೋ ಕೋಮಾ ಮಾಪಕ ಇಂದಿಗೂ ಬಳಕೆಯಲ್ಲಿದೆ. ಕಣ್ಣು ತೆರೆಯುವುದಕ್ಕೆ ಗರಿಷ್ಠ 4, ಮಾತಿಗೆ 5, ಅಂಗಚಲನೆಗೆ 6, ಒಟ್ಟು 15 ಅಂಕ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕೋಮಾ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಕನಿಷ್ಠ ಅಂಕ ಸೊನ್ನೆಯಲ್ಲ, 3. ಈ ಮಾಪಕ ಹಿಡಿದು ಅಳೆದರೆ ನಿಮ್ಮ ಮುಂದಿರುವ ಮೇಜಿಗೂ 3 ಸಿಗುತ್ತದೆ. ಅಂದರೆ ಅದು ಅಳೆಯುವುದು ಹೊರಗೆ ಕಾಣುವ ಪ್ರತಿಕ್ರಿಯೆಯನ್ನು, ಒಳಗಿನದನ್ನಲ್ಲ. ಇದನ್ನು ರೂಪಿಸಿದವರು ಒಳಗಿನದನ್ನು ಅಳೆಯುತ್ತೇವೆಂದು ಹೇಳಿಕೊಂಡೂ ಇಲ್ಲ.

ಇದೇ ಜೆನೆಟ್ 1972ರಲ್ಲಿ ಫ್ರೆಡ್ ಪ್ಲಮ್ ಅವರೊಡನೆ ಇನ್ನೊಂದು ಸ್ಥಿತಿಯನ್ನು ವಿವರಿಸಿದ್ದರು. ಅದರಲ್ಲಿ ರೋಗಿ ಕಣ್ಣು ತೆರೆಯುತ್ತಾನೆ, ನಿದ್ರೆ ಎಚ್ಚರಗಳ ಆವರ್ತನ ಇರುತ್ತದೆ, ಉಸಿರಾಟ ತಾನಾಗಿ ನಡೆಯುತ್ತದೆ, ಆದರೆ ತನ್ನ ಅಥವಾ ಸುತ್ತಲಿನ ಅರಿವಿನ ಯಾವ ಚಿಹ್ನೆಯೂ ಇಲ್ಲ. ಗಿಡದ ಬದುಕಿಗೆ ಹೋಲಿಸಿ ಇಟ್ಟಿದ್ದ ಆ ಹೆಸರು ರೋಗಿಗೆ ಅವಮಾನಕರವೆಂದು 2010ರಲ್ಲಿ ಯೂರೋಪಿನ ತಜ್ಞರ ಗುಂಪೊಂದು ಬೇರೆ ಹೆಸರು ಸೂಚಿಸಿತು. ಕನ್ನಡದಲ್ಲಿ ಹೇಳುವುದಾದರೆ ಅದು ಪ್ರತಿಕ್ರಿಯೆಯಿಲ್ಲದ ಎಚ್ಚರ. ಎಚ್ಚರ ಬೇರೆ, ಅರಿವು ಬೇರೆ ಎಂಬುದು ಆ ಹೆಸರಿನಲ್ಲೇ ಇದೆ.

ಉತ್ತರ ಕನ್ನಡದ ಹಳದೀಪುರದಿಂದ ಹೋಗಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ ಅವರ ಪ್ರಕರಣ ನಿಮಗೆ ನೆನಪಿರಬಹುದು. 1973ರ ನವೆಂಬರಿನಲ್ಲಿ ನಡೆದ ಕ್ರೂರ ದಾಳಿಯ ನಂತರ 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಅವರು ಅದೇ ಆಸ್ಪತ್ರೆಯಲ್ಲಿದ್ದರು. ಸುದ್ದಿಗಳಲ್ಲಿ ಕೋಮಾ ಎಂಬ ಪದವೇ ಓಡಾಡಿತು. ಆದರೆ ಸುಪ್ರೀಂ ಕೋರ್ಟು ನೇಮಿಸಿದ ಮೂವರು ವೈದ್ಯರ ಸಮಿತಿ ಹೇಳಿದ್ದು ಬೇರೆ: ಮಿದುಳು ಸತ್ತಿಲ್ಲ, ಜೆನೆಟ್ ಮತ್ತು ಪ್ಲಮ್ ವಿವರಿಸಿದ ಸ್ಥಿತಿಯ ಬಹುಪಾಲು ಲಕ್ಷಣಗಳಿವೆ. ಆಕೆ ಮುಖಭಾವದಿಂದ, ಸದ್ದಿನಿಂದ ಪ್ರತಿಕ್ರಿಯಿಸುತ್ತಾರೆ ಎಂಬುದು ಆರೈಕೆ ಮಾಡುತ್ತಿದ್ದ ಆಸ್ಪತ್ರೆಯವರ ಮಾತಾಗಿತ್ತು. ದಯಾಮರಣದ ಅರ್ಜಿಯ ಮೇಲೆ 2011ರ ಮಾರ್ಚಿನಲ್ಲಿ ಬಂದ ತೀರ್ಪನ್ನು ಕನ್ನಡದಲ್ಲಿ ಚರ್ಚಿಸಿದವರೆಲ್ಲ ಪ್ರಜ್ಞೆ ಇತ್ತೇ ಇಲ್ಲವೇ ಎಂದು ಒಂದೇ ಪ್ರಶ್ನೆ ಕೇಳುತ್ತಿದ್ದರು. ಕೇಳಬೇಕಾಗಿದ್ದ ಪ್ರಶ್ನೆಗಳು ಎರಡು, ಬಹುಶಃ ಮೂರು.

ಹೊರಗೆ ಪ್ರತಿಕ್ರಿಯೆ ಕಾಣದಿದ್ದರೆ ಒಳಗೆ ಅರಿವಿಲ್ಲ ಎನ್ನಬಹುದೇ? ಏಡ್ರಿಯನ್ ಓವೆನ್ ಮತ್ತು ಸಂಗಡಿಗರು 2006ರಲ್ಲಿ ಇಂಥ ಸ್ಥಿತಿಯಲ್ಲಿದ್ದ 23 ವರ್ಷದ ಮಹಿಳೆಯನ್ನು ಸ್ಕ್ಯಾನರಿನೊಳಗೆ ಮಲಗಿಸಿ, ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಲು ಹೇಳಿದರು. ಬಳಿಕ ತನ್ನ ಮನೆಯ ಕೋಣೆಗಳಲ್ಲಿ ಓಡಾಡಿದಂತೆ ಕಲ್ಪಿಸಿಕೊಳ್ಳಲು ಹೇಳಿದರು. ಆರೋಗ್ಯವಂತರಲ್ಲಿ ಚುರುಕಾಗುವ ಮಿದುಳಿನ ಭಾಗಗಳೇ ಆಕೆಯಲ್ಲೂ ಚುರುಕಾದವು. 2024ರಲ್ಲಿ ಪ್ರಕಟವಾದ, ಹಲವು ದೇಶಗಳ ಆಸ್ಪತ್ರೆಗಳು ಸೇರಿ ನಡೆಸಿದ ಅಧ್ಯಯನದಲ್ಲಿ, ಹಾಸಿಗೆಯ ಬಳಿ ಯಾವ ಸೂಚನೆಗೂ ಸ್ಪಂದಿಸದ 241 ರೋಗಿಗಳಲ್ಲಿ 60 ಮಂದಿಯ ಮಿದುಳು ಸೂಚನೆಯಂತೆ ಕೆಲಸ ಮಾಡಿತು. ನಾಲ್ವರಲ್ಲಿ ಒಬ್ಬರು. ಪ್ರಜ್ಞೆ ಇಲ್ಲ ಎಂದು ಸಲೀಸಾಗಿ ಹೇಳಿ ಮುಗಿಸುವಂತಿಲ್ಲ.

ಪ್ರಯೋಗಶಾಲೆಯಲ್ಲಿ

ಈಗ ನನ್ನ ವಿಷಯಕ್ಕೆ, ಅಂದರೆ ಐದನೆಯ ವಾಕ್ಯಕ್ಕೆ ಬರುತ್ತೇನೆ. ಎರಡು ಸೀಳುಗಳ ಪ್ರಯೋಗ ನಿಮಗೆ ಗೊತ್ತು. ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಹಾಯಿಸಿದರೂ ಪರದೆಯ ಮೇಲೆ ನಿಧಾನವಾಗಿ ವ್ಯತಿಕರಣ ಪಟ್ಟಿಗಳು ಮೂಡುತ್ತವೆ. ಪ್ರತಿಯೊಂದೂ ಯಾವ ಸೀಳಿನ ಮೂಲಕ ಹಾಯಿತು ಎಂದು ಪತ್ತೆ ಹಚ್ಚುವ ಏರ್ಪಾಡು ಮಾಡಿದರೆ ಪಟ್ಟಿಗಳು ಮಾಯವಾಗುತ್ತವೆ. ತರಗತಿಯಲ್ಲಿ ಇದನ್ನು ಚುಟುಕಾಗಿ ಹೇಳುವ ಪದ್ಧತಿ ಇದೆ: ನೋಡಿದರೆ ಕಣ, ನೋಡದಿದ್ದರೆ ತರಂಗ. ಕೇಳಲು ಚೆಂದ. ಕೇಡು ಶುರುವಾಗುವುದೂ ಇಲ್ಲಿಯೇ.

ನಿಜವಾಗಿ ನಡೆದದ್ದು ಒಂದು ಭೌತಿಕ ಕ್ರಿಯೆ. ಎಲೆಕ್ಟ್ರಾನಿನ ದಾರಿಯ ಗುರುತು ಇನ್ನೊಂದು ಕಣದಲ್ಲೋ ಉಪಕರಣದಲ್ಲೋ ಉಳಿಯಿತು. ಅದನ್ನು ನಾವು ವೀಕ್ಷಣೆ ಎಂದು ಕರೆದೆವು. ವೀಕ್ಷಣೆ ಎಂದರೆ ನೋಡುವುದು. ನೋಡಬೇಕಾದರೆ ನೋಡುವವನು ಬೇಕು. ನೋಡುವವನಿಗೆ ಪ್ರಜ್ಞೆ ಇರಬೇಕು. ಹೀಗೆ ಮೂರು ನಾಲ್ಕು ಹೆಜ್ಜೆಗಳಲ್ಲಿ ಫೋಟಾನಿನಿಂದ ಮನಸ್ಸಿಗೆ ಬಂದುಬಿಟ್ಟೆವು. ಈ ಹೆಜ್ಜೆಗಳಲ್ಲಿ ಒಂದಕ್ಕೂ ಪ್ರಯೋಗದ ಆಧಾರವಿಲ್ಲ; ಇರುವುದು ನಿಘಂಟಿನ ಆಧಾರ. ಇಷ್ಟಾದ ಮೇಲೆ ಪ್ರಜ್ಞೆ ಎಂಬ ಪದ ತನ್ನ ಉಳಿದ ಅರ್ಥಗಳನ್ನೂ ಕರೆತರುತ್ತದೆ. ಎಚ್ಚರ ಎಂದು ಒಳಬಂದದ್ದು ಸಂಕಲ್ಪವಾಗಿ, ಆತ್ಮವಾಗಿ, ಕೊನೆಗೆ ಮನಸ್ಸಿದ್ದರೆ ಹಣ ಗಳಿಸಬಹುದು ಎಂಬ ಶಿಬಿರವಾಗಿ ಹೊರಬೀಳುತ್ತದೆ.

ಇದು ಶಿಬಿರದವರೇ ಹುಟ್ಟಿಸಿದ ಮಾತಲ್ಲ ಎಂಬುದನ್ನೂ ಹೇಳಬೇಕು. 1932ರ ತಮ್ಮ ಗ್ರಂಥದಲ್ಲಿ ಜಾನ್ ಫಾನ್ ನಾಯ್ಮನ್ ಅಳತೆಯ ಸರಪಳಿಯನ್ನು ವಿಶ್ಲೇಷಿಸಿ, ಅಳತೆಗೆ ಒಳಗಾಗುವುದರ ಮತ್ತು ಅಳೆಯುವವರ ನಡುವಿನ ಗೆರೆಯನ್ನು ಎಲ್ಲಿ ಎಳೆದರೂ ಲೆಕ್ಕ ಬದಲಾಗದೆಂದು ತೋರಿಸಿದರು: ಉಪಕರಣದ ಬಳಿ ಎಳೆಯಿರಿ, ಕಣ್ಣಿನ ಬಳಿ ಎಳೆಯಿರಿ, ಮಿದುಳಿನ ಬಳಿ ಎಳೆಯಿರಿ. ಹಾಗಾದರೆ ಸರಪಳಿಯ ತುದಿ ಎಲ್ಲಿ? ಯೂಜಿನ್ ವಿಗ್ನರ್ 1961ರ ಪ್ರಬಂಧವೊಂದರಲ್ಲಿ, ತರಂಗ ಫಲನದ ಕುಸಿತ ವೀಕ್ಷಕನ ಪ್ರಜ್ಞೆಯಲ್ಲಿ ಆಗುತ್ತದೆ ಎಂಬ ಉತ್ತರವನ್ನು ಮುಂದಿಟ್ಟರು. ವಿಗ್ನರ್ ಸಾಮಾನ್ಯರಲ್ಲ, 1963ರಲ್ಲಿ ನೊಬೆಲ್ ಪಡೆದವರು. ಭಾಷಣಕಾರರು ಅವರ ಹೆಸರನ್ನು ಇಲ್ಲಿಯವರೆಗೆ ಹೇಳಿ ನಿಲ್ಲಿಸುತ್ತಾರೆ. ಮುಂದಿನ ಕಥೆ ಹೀಗಿದೆ. ಕ್ವಾಂಟಂ ವ್ಯವಸ್ಥೆ ತನ್ನ ಪರಿಸರದೊಡನೆ ಬೆರೆತಾಗ ಅದರ ಸಂಸಕ್ತತೆ ತಾನಾಗಿ ಕರಗುತ್ತದೆ ಎಂದು 1970ರಲ್ಲಿ ಡೀಟರ್ ಝೇ ತೋರಿಸಿದರು. ಡಿಕೋಹೆರೆನ್ಸ್ ಎಂದು ಈಗ ಪ್ರಸಿದ್ಧವಾಗಿರುವುದು ಇದೇ. ಇದರ ಪ್ರಭಾವದಿಂದ ವಿಗ್ನರ್ ತಮ್ಮ ನಿಲುವನ್ನು ಮರುಪರಿಶೀಲಿಸಿ, 1980ರ ದಶಕದ ಹೊತ್ತಿಗೆ ಅದನ್ನು ಕೈಬಿಟ್ಟಿದ್ದರು.

ಪುಸ್ತಕದ ವಾದ ಬೇಡ, ಪ್ರಯೋಗ ಬೇಕು ಎನ್ನುವವರಿಗೆ ವಿಯೆನ್ನಾದ ಪ್ರಯೋಗವೊಂದಿದೆ. 70 ಕಾರ್ಬನ್ ಪರಮಾಣುಗಳ ಫುಲರೀನ್ ಅಣುಗಳು ಸಹ ವ್ಯತಿಕರಣ ಪಟ್ಟಿಗಳನ್ನು ಉಂಟುಮಾಡುತ್ತವೆ. 2004ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಆ ಅಣುಗಳನ್ನು ದಾರಿಯಲ್ಲಿ ಲೇಸರಿನಿಂದ ಕಾಯಿಸಿದರು. ಕಾದ ಅಣು ಬಲ್ಬಿನ ತಂತಿಯಂತೆ ತಾನೇ ಫೋಟಾನುಗಳನ್ನು ಹೊರಸೂಸುತ್ತದೆ. ಉಷ್ಣತೆ ಏರಿದಂತೆ ಪಟ್ಟಿಗಳು ಮಸುಕಾಗುತ್ತ ಹೋಗಿ ಕೊನೆಗೆ ಅಳಿಸಿಹೋದವು. ಯಾವ ಸೀಳು ಎಂದು ಯಾರೂ ನೋಡಲಿಲ್ಲ, ನೋಡುವ ಉಪಕರಣವನ್ನೂ ಇಟ್ಟಿರಲಿಲ್ಲ. ಹೊರಬಿದ್ದ ಫೋಟಾನುಗಳು ಪ್ರಯೋಗಶಾಲೆಯ ಗೋಡೆಗೆ ಬಡಿದು ಹೋದವು. ಅಣು ಎಲ್ಲಿತ್ತು ಎಂಬ ಸುಳಿವು ಪರಿಸರಕ್ಕೆ ಸೋರಿದ್ದಷ್ಟೇ ಸಾಕಾಯಿತು. ಅದೂ ಒಮ್ಮೆಲೇ ಅಲ್ಲ, ಸ್ವಲ್ಪ ಸ್ವಲ್ಪವಾಗಿ, ಉಷ್ಣತೆಗೆ ತಕ್ಕಂತೆ. ಪ್ರಜ್ಞೆ ಎಂಬ ಪದವನ್ನು ಈ ವಿವರಣೆಯಲ್ಲಿ ಎಲ್ಲಿ ಸೇರಿಸುತ್ತೀರಿ? ಗೋಡೆಗೆ ಎಷ್ಟು ಪ್ರಜ್ಞೆ?

ಇಷ್ಟರಿಂದ ಅಳತೆಯ ಸಮಸ್ಯೆ ಪೂರ್ಣ ಬಗೆಹರಿಯಿತು ಎಂದು ನಾನು ಹೇಳುವುದಿಲ್ಲ. ಪಟ್ಟಿಗಳು ಏಕೆ ಅಳಿಯುತ್ತವೆ ಎಂಬುದಕ್ಕೆ ಡಿಕೋಹೆರೆನ್ಸ್ ಉತ್ತರ ಕೊಡುತ್ತದೆ. ಹಲವು ಸಾಧ್ಯತೆಗಳಲ್ಲಿ ಈ ಒಂದೇ ಏಕೆ ಘಟಿಸಿತು ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಇಲ್ಲ. ಜಾನ್ ಬೆಲ್ 1990ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ ಭೌತವಿಜ್ಞಾನಿಗಳ ಬಾಯಲ್ಲೇ ಸಡಿಲಾಗಿ ಓಡಾಡುವ ಪದಗಳನ್ನು ಪಟ್ಟಿ ಮಾಡಿ, ಸಿದ್ಧಾಂತದ ನಿರೂಪಣೆಯಲ್ಲಿ ಅವಕ್ಕೆ ಜಾಗವಿರಬಾರದು ಎಂದಿದ್ದರು. ಉಪಕರಣ, ಪರಿಸರ, ಮಾಹಿತಿ ಎಲ್ಲ ಅದರಲ್ಲಿವೆ. ಎಲ್ಲಕ್ಕಿಂತ ಕೆಟ್ಟದ್ದು ಅಳತೆ ಎಂಬ ಪದ ಎಂಬುದು ಅವರ ಅಭಿಪ್ರಾಯ. ಏಕಮಾನವಿರುವ ನಮ್ಮ ಶಾಸ್ತ್ರದಲ್ಲೇ ಪದಗಳ ಪಾಡು ಹೀಗಿರುವಾಗ, ಉತ್ತರವಿಲ್ಲದ ಜಾಗಕ್ಕೆ ಪ್ರಜ್ಞೆಯನ್ನು ತಂದು ಕೂರಿಸಿದರೆ ಗೊತ್ತಿಲ್ಲದ ಒಂದನ್ನು ಗೊತ್ತಿಲ್ಲದ ಇನ್ನೊಂದರಿಂದ ವಿವರಿಸಿದಂತಾಗುತ್ತದೆ.

ಭಾಷಣಗಳಲ್ಲಿ ವಿಗ್ನರ್ ಹೆಸರಿನ ಪಕ್ಕದಲ್ಲೇ ರೋಜರ್ ಪೆನ್‌ರೋಸ್ ಹೆಸರೂ ಬರುತ್ತದೆ. ಇಬ್ಬರೂ ಒಂದೇ ಮಾತನ್ನು ಹೇಳಿದರು ಎಂಬ ಭಾವನೆ ಹುಟ್ಟುತ್ತದೆ. ಇಬ್ಬರ ಬಾಣಗಳು ಎದುರುಬದುರು ದಿಕ್ಕಿನವು. 1961ರ ವಿಗ್ನರ್ ಪ್ರಕಾರ ಪ್ರಜ್ಞೆಯಿಂದ ಕುಸಿತ. ಪೆನ್‌ರೋಸ್ ಪ್ರಕಾರ ಕುಸಿತ ಗುರುತ್ವಕ್ಕೆ ಸಂಬಂಧಿಸಿದ ವಾಸ್ತವ ಭೌತಿಕ ಘಟನೆ. ಮಿದುಳಿನಲ್ಲಿ ಅದು ನಡೆಯುವುದರಿಂದ ಪ್ರಜ್ಞೆ. ಈ ಎರಡನೆಯದಕ್ಕೂ ಅಡ್ಡಿಗಳಿವೆ. ಮಿದುಳಿನಂಥ ಬೆಚ್ಚನೆಯ, ತೇವದ ಜಾಗದಲ್ಲಿ ಕ್ವಾಂಟಂ ಸಂಸಕ್ತತೆ 10⁻¹³ ಸೆಕೆಂಡಿಗಿಂತ ಹೆಚ್ಚು ಬಾಳದೆಂದು ಮ್ಯಾಕ್ಸ್ ಟೆಗ್‌ಮಾರ್ಕ್ 2000ದಲ್ಲಿ ಲೆಕ್ಕ ಹಾಕಿದರು. ನರಕೋಶಗಳ ಕೆಲಸಕ್ಕೆ ಬೇಕಾದದ್ದು 10⁻³ ಸೆಕೆಂಡಿನ ಆಸುಪಾಸು. ಆ ಲೆಕ್ಕವನ್ನು ಪೆನ್‌ರೋಸ್ ಬಳಗದವರು ಒಪ್ಪಿಲ್ಲ. ಏನೇ ಇರಲಿ, ವಿರುದ್ಧ ದಿಕ್ಕಿನ ಎರಡು ಊಹೆಗಳನ್ನು ಕೂಡಿಸಿ ಸಾಬೀತಾಗಿದೆ ಎನ್ನುವುದು ಲೆಕ್ಕ ಬಲ್ಲವರ ಕೆಲಸವಲ್ಲ.

ಯಂತ್ರದ ಸರದಿ

ಈ ಗೊಂದಲಕ್ಕೆ ಈಗ ಕಂಪ್ಯೂಟರೂ ಸೇರಿದೆ. 2022ರಲ್ಲಿ ಗೂಗಲ್ ಕಂಪನಿಯ ಎಂಜಿನಿಯರ್ ಒಬ್ಬರು ತಾವು ಪರೀಕ್ಷಿಸುತ್ತಿದ್ದ ಲ್ಯಾಮ್ಡಾ ಎಂಬ ಮಾತಿನ ತಂತ್ರಾಂಶ ಸುಖದುಃಖಗಳನ್ನು ಅನುಭವಿಸಬಲ್ಲದು ಎಂದರು. ಕಂಪನಿ ಅದನ್ನು ಒಪ್ಪಲಿಲ್ಲ. ಅವರ ಕೆಲಸವೂ ಹೋಯಿತು. ಈ ಸುದ್ದಿಯನ್ನು ಕನ್ನಡದಲ್ಲಿ ಬರೆಯಹೊರಟರೆ ಯಂತ್ರಕ್ಕೆ ಪ್ರಜ್ಞೆ ಬಂತು ಎಂದಾಗುತ್ತದೆ, ಯಂತ್ರ ಇಷ್ಟು ದಿನ ಮೂರ್ಛೆ ಹೋಗಿತ್ತೇನೋ ಎಂಬಂತೆ! ಸಂವೇದನೆ ಎನ್ನೋಣವೆಂದರೆ, ಉಷ್ಣತೆ ಅಳೆಯುವ ಹತ್ತು ರೂಪಾಯಿಯ ಬಿಡಿಭಾಗಕ್ಕೂ ನಾವು ಸಂವೇದಕ ಎಂದು ಹೆಸರಿಟ್ಟಾಗಿದೆ. ಬುದ್ಧಿ, ಅರಿವು, ಅನುಭವ ಮೂರೂ ಬೇರೆ. ಚದುರಂಗ ಗೆಲ್ಲುವುದಕ್ಕೆ ಮೊದಲನೆಯದು ಸಾಕು. ಹಲ್ಲುನೋವಿಗೆ ಮೂರನೆಯದು ಬೇಕು.

ಹಾಗಾದರೆ ಏನು ಬರೆಯಬೇಕು? ಪದವನ್ನು ನಿಷೇಧಿಸಿ ಎನ್ನುವಷ್ಟು ಅವಿವೇಕಿ ನಾನಲ್ಲ. ಭಾಷೆ ಪರಿಷತ್ತುಗಳ ಮಾತು ಕೇಳುವುದಿಲ್ಲ. ವಿಜ್ಞಾನದ ಬರಹದಲ್ಲಿ, ತರಗತಿಯಲ್ಲಿ ಮಾತ್ರ ಇಷ್ಟು ಮಾಡಬಹುದು. ನಿದ್ರೆ, ಮೂರ್ಛೆಗಳಿಗೆ ಎದುರಾದದ್ದಕ್ಕೆ ಎಚ್ಚರ ಎನ್ನಿ. ಒಂದು ವಿಷಯ ಮನಸ್ಸಿಗೆ ಸಿಕ್ಕಿ, ಅದರ ಬಗ್ಗೆ ಹೇಳಲು, ಅದರಂತೆ ನಡೆಯಲು ಸಾಧ್ಯವಾಗುವುದಕ್ಕೆ ಅರಿವು ಎನ್ನಿ. ನೋವಿನ ನೋವುತನ, ಕೆಂಪಿನ ಕೆಂಪುತನಗಳಿಗೆ ಅನುಭೂತಿ ಎನ್ನಿ. ತತ್ತ್ವಶಾಸ್ತ್ರಜ್ಞ ನೆಡ್ ಬ್ಲಾಕ್ 1995ರಲ್ಲಿ ಬೇರ್ಪಡಿಸಿದ್ದು ಈ ಕೊನೆಯ ಎರಡನ್ನೇ. ಕ್ವಾಂಟಂ ಪಾಠದಲ್ಲಿ ನೋಡಿದರೆ ಎಂಬುದರ ಬದಲು ದಾಖಲಾದರೆ ಎನ್ನಿ. ಒಂದು ಪದ ಬದಲಾದರೆ ಅರ್ಧ ಭ್ರಮೆ ಇಳಿಯುತ್ತದೆ. ಅನುಭೂತಿ ಮಿದುಳಿನಿಂದ ಹೇಗೆ ಹುಟ್ಟುತ್ತದೆ ಎಂಬುದು ಇನ್ನೂ ಯಾರಿಗೂ ತಿಳಿದಿಲ್ಲ. ಅದರ ನರಮೂಲ 25 ವರ್ಷಗಳಲ್ಲಿ ಸ್ಪಷ್ಟವಾಗಿ ಸಿಗುತ್ತದೆಂದು ನರವಿಜ್ಞಾನಿ ಕ್ರಿಸ್ಟಾಫ್ ಕಾಖ್, ಸಿಗುವುದಿಲ್ಲವೆಂದು ತತ್ತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ 1998ರಲ್ಲಿ ಪಂದ್ಯ ಕಟ್ಟಿದ್ದರು. 2023ರ ಜೂನಿನಲ್ಲಿ ಕಾಖ್ ಸೋಲೊಪ್ಪಿ ವೈನ್ ಬಾಟಲಿಗಳನ್ನು ಕೊಟ್ಟರು. ಸೋತೆನೆಂದು ಹೇಳಲು ಅವರಿಗೆ ಸಾಧ್ಯವಾದದ್ದು ಯಾವುದರ ಮೇಲೆ ಪಂದ್ಯ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿದ್ದರಿಂದ.

ನನ್ನ ಸಲಹೆಗೆ ಒಂದು ಆಕ್ಷೇಪ ಬರುವುದು ಖಂಡಿತ. ಅರಿವು ಎಂಬುದೂ ಅಷ್ಟೇನೂ ಗಟ್ಟಿ ಪದವಲ್ಲ. ಅರಿವಳಿಕೆಯನ್ನೇ ನೋಡಿ ಎಂದು ನೀವು ಹೇಳಬಹುದು. ಹಲ್ಲು ಕೀಳುವಾಗ ಕೊಡುವ ಅರಿವಳಿಕೆಯಲ್ಲಿ ಅಳಿಯುವುದು ನೋವು ಮಾತ್ರ. ಇಕ್ಕುಳದ ಎಳೆತ, ಹಲ್ಲು ತಟ್ಟೆಗೆ ಬಿದ್ದ ಸದ್ದು ಎಲ್ಲವೂ ಅರಿವಿಗೆ ಬರುತ್ತಲೇ ಇರುತ್ತದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಾದರೆ ಎಚ್ಚರವೂ ಇಲ್ಲ, ಅರಿವೂ ಇಲ್ಲ, ನೆನಪೂ ಉಳಿಯುವುದಿಲ್ಲ. ಆಕ್ಷೇಪ ನ್ಯಾಯವಾದದ್ದೇ. ಆದರೆ ವೈದ್ಯರು ಅಲ್ಲಿ ಸ್ಥಳೀಯ, ಪೂರ್ಣ ಎಂಬ ವಿಶೇಷಣ ಸೇರಿಸದೆ ಕೇಸ್ ಪೇಪರಿನಲ್ಲಿ ಬರೆಯುವುದಿಲ್ಲ. ಪ್ರಜ್ಞೆ ಎಂದು ಬರೆಯುವವರಿಂದಲೂ ನಾನು ಕೇಳುತ್ತಿರುವುದು ಅಂಥದೇ ಒಂದು ವಿಶೇಷಣವನ್ನು.